ನೆಲನೆಲ್ಲಿ, ನಿಧಾನ ಉಸಿರು, ಸೊಂಟದ ಯೋಗ: ಪುರಾವೆ ಓದುವ, ಮನೆಯಲ್ಲೇ ಅಳೆಯುವ ಬಗೆ

ಕಾಮಾಲೆ ಬಂತು ಅಂದರೆ ಮೂಡಿಗೆರೆಯಿಂದ ಅರಸೀಕೆರೆವರೆಗೆ ಮನೆಯಲ್ಲಿ ಮೊದಲು ಏಳುವ ಮಾತು, ‘ನಾಟಿ ಔಷಧಿ ಎಲ್ಲಿ ಕೊಡಿಸೋಣ?’ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಎಣ್ಣೆ, ಖಾರ ಬಿಡಿಸುತ್ತಾರೆ. ಕೆಲವು ವಾರ ಕಳೆಯುವಷ್ಟರಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ, ಊಟ ರುಚಿಸುತ್ತದೆ. ಔಷಧಿ ಹಿಡಿಸಿತು ಎಂದು ಮನೆಯವರು ನಂಬುತ್ತಾರೆ. ಕಣ್ಣಾರೆ ಕಂಡದ್ದನ್ನು ನಂಬಬೇಡಿ ಎಂದು ಯಾರಿಗೂ ಹೇಳಲಾಗದು.

ಆದರೆ ನಮ್ಮ ಕಡೆ ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಕಾಮಾಲೆ ಬಹುಪಾಲು ಜನರಲ್ಲಿ ಯಾವ ಔಷಧಿಯೂ ಇಲ್ಲದೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹಾಗಾಗಿ ಕೇಳಬೇಕಾದದ್ದು ‘ಔಷಧಿ ಕುಡಿದ ಮೇಲೆ ವಾಸಿಯಾಯಿತೇ’ ಎಂದಲ್ಲ, ‘ಕುಡಿಯದೇ ಇದ್ದಿದ್ದರೆ ಎಷ್ಟು ದಿನ ಹಿಡಿಯುತ್ತಿತ್ತು’ ಎಂದು. ಯೋಗ, ಧ್ಯಾನ, ಪ್ರಾಣಾಯಾಮ, ಮಸಾಜ್, ಕಷಾಯ, ಯಾವುದರ ಪುರಾವೆ ನೋಡಲು ಹೊರಟರೂ ಕೈಯಲ್ಲಿ ಹಿಡಿಯಬೇಕಾದ ಅಳತೆಗೋಲು ಇದೇ: ಯಾವುದಕ್ಕೆ ಹೋಲಿಸಿದರೆ?

ನೆಲನೆಲ್ಲಿಯ ಕಥೆಯನ್ನೇ ಹತ್ತಿರದಿಂದ ನೋಡಿ. ಈ ಗಿಡದ ಲ್ಯಾಟಿನ್ ಹೆಸರು ಫಿಲಾಂಥಸ್ ಅಮಾರಸ್. 1988ರಲ್ಲಿ ಮದ್ರಾಸಿನ ಸಂಶೋಧಕರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೋಗಿಗಳು ಹೆಪಟೈಟಿಸ್ ಬಿ ವೈರಸ್ಸನ್ನು ದೇಹದಲ್ಲಿ ಹೊತ್ತವರು. ಮೂವತ್ತು ದಿನ ನೆಲನೆಲ್ಲಿ ಕೊಟ್ಟ ಮೇಲೆ 37 ಜನರಲ್ಲಿ 22 ಮಂದಿಯ, ಅಂದರೆ ನೂರಕ್ಕೆ 59 ಜನರ ರಕ್ತದಿಂದ ವೈರಸ್‌ನ ಗುರುತು ಮಾಯವಾಗಿತ್ತು. ಹುಸಿ ಔಷಧಿ, ಅಂದರೆ ಒಳಗೆ ಮದ್ದೇ ಇಲ್ಲದ ತೋರಿಕೆಯ ಔಷಧಿ ತೆಗೆದುಕೊಂಡವರಲ್ಲಿ 23ಕ್ಕೆ ಒಬ್ಬರು ಮಾತ್ರ. ನಾಟಿ ಔಷಧಿಯ ಪರವಾಗಿ ಇಷ್ಟು ದೊಡ್ಡ ಅಂಕಿ ಬಂದದ್ದು ಅಪರೂಪ. ಇವತ್ತಿಗೂ ಪುಡಿ ಪ್ಯಾಕೆಟ್‌ಗಳ ಪ್ರಚಾರದಲ್ಲಿ ಅದರ ನೆರಳಿದೆ.

ಈಗ ಅದೇ ಅಂಕಿಯನ್ನು ಮತ್ತೊಮ್ಮೆ ಓದಿ. ಒಂದು ಗುಂಪಿನಲ್ಲಿ 37, ಇನ್ನೊಂದರಲ್ಲಿ 23. ಹೋಲಿಸುವ ಗುಂಪುಗಳ ಲೆಕ್ಕದಲ್ಲಿ ಇಷ್ಟು ವ್ಯತ್ಯಾಸ ಯಾಕೆ, ಕೊನೆಯ ಪರೀಕ್ಷೆಗೆ ಬಾರದವರು ಎಷ್ಟು ಎಂದು ಕೇಳಬೇಕು. ಅದು ಪ್ರಾಥಮಿಕ ಅಧ್ಯಯನ ಎಂದು ಬರೆದವರೇ ಹೇಳಿದ್ದರು. ಮುಂದೆ ಥಾಯ್ಲೆಂಡಿನಲ್ಲಿ ಅದೇ ಗಿಡವನ್ನು ವೈರಸ್ ಹೊತ್ತವರಿಗೆ ಕೊಟ್ಟು ನೋಡಿದಾಗ ಫಲ ಸಿಗಲಿಲ್ಲ. ಆ ವರದಿ 1990ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ, ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಸಿಕ್ಕ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಹುಸಿ ಔಷಧಿಗಿಂತ ಇದು ಮೇಲೆಂದು ಹೇಳಲು ನಂಬುವಂಥ ಪುರಾವೆಯಿಲ್ಲ ಎಂದಿತು. ಒಂದು ಅಧ್ಯಯನ ಬಂತು ಅಂದರೆ ಬಾಗಿಲು ತೆರೆಯಿತು ಅಷ್ಟೇ. ಬೇರೆ ಊರಿನ ಬೇರೆ ಕೈಗಳಲ್ಲೂ ಅದೇ ಫಲ ಬಂದರೆ ಮಾತ್ರ ಒಳಗೆ ಏನೋ ಇದೆ ಎನ್ನಬಹುದು.

ಇನ್ನೂ ಒಂದು ಸೂಕ್ಷ್ಮ ಉಂಟು. ಆ ಅಧ್ಯಯನ ನಡೆದದ್ದು ಹೆಪಟೈಟಿಸ್ ಬಿ ವೈರಸ್ ಹೊತ್ತವರ ಮೇಲೆ. ನಮ್ಮಲ್ಲಿ ಅದೇ ಸೊಪ್ಪನ್ನು ನೀರಿನ ಕಾಮಾಲೆಗೂ ಕೊಡುತ್ತಾರೆ, ಪಿತ್ತಕೋಶದ ಕಲ್ಲಿನಿಂದ ಹಳದಿಯಾದವರಿಗೂ ಕೊಡುತ್ತಾರೆ. ಒಂದು ಕಾಯಿಲೆಯ ಪುರಾವೆಯನ್ನು ಇನ್ನೊಂದಕ್ಕೆ ದಾಟಿಸಲು ಬರುವುದಿಲ್ಲ.

ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ

‘ಯೋಗ ಒಳ್ಳೆಯದಾ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾರಿಗೆ, ಏನು, ಯಾವುದರ ಬದಲು, ಯಾವ ಫಲಕ್ಕೆ? ಈ ನಾಲ್ಕನ್ನೂ ಒಂದು ಕಾಗದದ ಮೇಲೆ ಬರೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಉದಾಹರಣೆಗೆ: ಮೂರು ತಿಂಗಳಿಗಿಂತ ಹಳೆಯ ಸೊಂಟನೋವಿರುವ 45 ವರ್ಷದ ತೋಟದ ಕೆಲಸದವರಿಗೆ, ವಾರಕ್ಕೊಂದು ತರಗತಿ ಮತ್ತು ಮನೆಯ ಅಭ್ಯಾಸವಿರುವ ಹಠಯೋಗ, ಏನೂ ವ್ಯಾಯಾಮ ಮಾಡದೆ ಇರುವುದರ ಬದಲು, ಹನ್ನೆರಡು ವಾರದಲ್ಲಿ ನೋವು ಎಷ್ಟು ಇಳಿದೀತು, ಬಗ್ಗಿ ಏಳುವುದು ಎಷ್ಟು ಸುಲಭವಾದೀತು.

ಮೂರನೆಯ ತುಂಡನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಮೋಸಹೋಗುವುದೂ ಅಲ್ಲೇ. ಯೋಗ ಮಾಡಿದವರನ್ನು ಸುಮ್ಮನೆ ಕುಳಿತವರಿಗೆ ಹೋಲಿಸಿದರೆ ಯೋಗ ಗೆಲ್ಲುತ್ತದೆ. ನಡಿಗೆ, ಫಿಸಿಯೋಥೆರಪಿಗೆ ಹೋಲಿಸಿದರೆ ಸರಿಸಮ ನಿಲ್ಲುತ್ತದೆ. 2017ರಲ್ಲಿ ಅಮೆರಿಕದಲ್ಲಿ 320 ಸೊಂಟನೋವಿನವರ ಮೇಲೆ ನಡೆದ ಪ್ರಯೋಗದಲ್ಲಿ ಯೋಗದ ಫಲ ಫಿಸಿಯೋಥೆರಪಿಗಿಂತ ಕಡಿಮೆಯೇನೂ ಇರಲಿಲ್ಲ. ಆ ಮಾತಿನ ಅರ್ಥ ಯೋಗ ಮೇಲು ಎಂದಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರದಲ್ಲಿಲ್ಲದ ಹೋಬಳಿಯಲ್ಲಿ ಒಳ್ಳೆಯ ಯೋಗ ಶಿಕ್ಷಕರಿದ್ದರೆ ಅಲ್ಲಿಗೇ ಹೋಗಬಹುದು ಎಂದು. ಪುರಾವೆಯಿಂದ ಸಿಗುವ ಉಪಯೋಗ ಸಾಮಾನ್ಯವಾಗಿ ಇಂಥ ಸಣ್ಣ, ಗಟ್ಟಿ ತೀರ್ಮಾನಗಳೇ.

ಹುಡುಕುವುದು

ಮೊಬೈಲಿನಲ್ಲೇ ವೈದ್ಯಕೀಯ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್ ತೆರೆಯಿರಿ. ದುಡ್ಡು ಕಟ್ಟಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ. ಗಿಡವಾದರೆ ಕನ್ನಡದ ಹೆಸರು ಕೆಲಸಕ್ಕೆ ಬರುವುದಿಲ್ಲ, ಲ್ಯಾಟಿನ್ ಹೆಸರನ್ನೇ ಟೈಪ್ ಮಾಡಿ. ಅಮೃತಬಳ್ಳಿಗೆ ಟಿನೊಸ್ಪೊರಾ ಕಾರ್ಡಿಫೋಲಿಯಾ, ಅಶ್ವಗಂಧಕ್ಕೆ ವಿಥಾನಿಯಾ ಸೋಮ್ನಿಫೆರಾ. ಪಕ್ಕದಲ್ಲಿ ಕಾಯಿಲೆಯ ಇಂಗ್ಲಿಷ್ ಹೆಸರು ಹಾಕಿ. ಸಾವಿರಾರು ಲೇಖನ ಬಂದರೆ ಗಾಬರಿ ಬೇಡ. ಫಿಲ್ಟರ್ ಒತ್ತಿ ಲೇಖನದ ಬಗೆಯಲ್ಲಿ ಮೊದಲು ‘ಸಿಸ್ಟಮ್ಯಾಟಿಕ್ ರಿವ್ಯೂ’ ಆರಿಸಿ. ಒಂದೇ ಪ್ರಶ್ನೆಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಲೇಖನಗಳು ಅವು. ಅಂಥದು ಇಲ್ಲದಿದ್ದರೆ ‘ರ‍್ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್’. ಚೀಟಿ ಎತ್ತಿದ ಹಾಗೆ ಜನರನ್ನು ಎರಡು ಗುಂಪಾಗಿ ಹಂಚಿ ನೋಡುವ ಪ್ರಯೋಗ ಅದು. ಹುರುಪಿದ್ದವರೆಲ್ಲ ಒಂದೇ ಕಡೆ ಸೇರಿಕೊಳ್ಳಬಾರದು ಎಂದೇ ಹಾಗೆ ಹಂಚುತ್ತಾರೆ. ಆರಿಸಿದ ಮೇಲೆ ಇಲಿಯ ಮೇಲೆ, ಗಾಜಿನ ತಟ್ಟೆಯ ಜೀವಕೋಶದ ಮೇಲೆ ನಡೆದದ್ದು ಉಳಿದಿದ್ದರೆ ಬದಿಗಿಡಿ. ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಎಂಬ ವಾಟ್ಸಾಪ್ ಸಂದೇಶಗಳ ಬುಡ ಹುಡುಕಿದರೆ ಬಹಳ ಸಲ ಸಿಗುವುದು ಅಂಥ ಇಲಿಯ ಪ್ರಯೋಗವೇ.

ನಮ್ಮ ದೇಶದ ಪ್ರಯೋಗಗಳಿಗೆ ಇನ್ನೊಂದು ಜಾಗ ಇದೆ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2007ರಲ್ಲಿ ಆರಂಭಿಸಿದ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ, ಸಿಟಿಆರ್‌ಐ. ಪ್ರಯೋಗ ಶುರುವಾಗುವ ಮೊದಲು ಎಷ್ಟು ಜನ, ಯಾವ ಫಲವನ್ನು ಅಳೆಯುತ್ತೇವೆ ಎಂದು ಅಲ್ಲಿ ಬರೆದಿಡುತ್ತಾರೆ. ಮುಂದೆ ಲೇಖನ ಪ್ರಕಟವಾದಾಗ ಅದರಲ್ಲಿ ಹೊಗಳಿಕೊಂಡ ಫಲ ನೋಂದಣಿಯಲ್ಲಿ ಬರೆದ ಫಲವೇ ಹೌದೋ ಎಂದು ತಾಳೆ ನೋಡಿ. ಬಿಪಿ ಇಳಿಸುತ್ತೇವೆ ಎಂದು ನೋಂದಾಯಿಸಿ, ಕೊನೆಗೆ ‘ನಿದ್ದೆ ಚೆನ್ನಾಯಿತು’ ಎಂದು ಬರೆದಿದ್ದರೆ ಬಿಪಿ ಇಳಿಯಲಿಲ್ಲ ಎಂದೇ ತಿಳಿಯಬೇಕು. ಹತ್ತು ಫಲ ಅಳೆದರೆ ಒಂದಾದರೂ ಬರಿಯ ಅದೃಷ್ಟದಿಂದ ಚೆನ್ನಾಗಿ ಕಾಣಬಹುದು.

ಅಂಕಿ ಓದುವುದು: ಹೃದಯದ ಉದಾಹರಣೆ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜನ ಇಸಿಜಿಗೆ ಸಾಲುಗಟ್ಟಿದರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಸಾವುಗಳಲ್ಲಿ ಅಸಹಜ ಏರಿಕೆಯೇನೂ ಕಾಣುವುದಿಲ್ಲ ಎಂದಿತು. ಆದರೂ ಭಯ ಹುಟ್ಟಿದ ಕಡೆ ಮದ್ದಿನ ಮಾತು ಹುಟ್ಟುತ್ತದೆ: ಬೆಳ್ಳುಳ್ಳಿ, ಶುಂಠಿ, ನಿಂಬೆ ರಸ ಕಾಯಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಕರಗುತ್ತದೆ ಎಂಬ ಸಂದೇಶ ಎಲ್ಲರ ಫೋನಿನಲ್ಲೂ ಇದೆ. ರಕ್ತನಾಳದ ತಡೆಯನ್ನು ಆ ರಸ ಕರಗಿಸುತ್ತದೆ ಎಂಬುದಕ್ಕೆ ಮನುಷ್ಯರ ಮೇಲಿನ ಪುರಾವೆ ಇಲ್ಲ.

ಯೋಗಕ್ಕೆ ಮಾತ್ರ ನಮ್ಮ ದೇಶದಲ್ಲೇ ನಡೆದ ದೊಡ್ಡ ಪ್ರಯೋಗ ಒಂದಿದೆ, ಯೋಗ-ಕೇರ್. 24 ಆಸ್ಪತ್ರೆಗಳು, ಹೃದಯಾಘಾತವಾಗಿದ್ದ 3,959 ರೋಗಿಗಳು. ಒಂದು ಗುಂಪಿಗೆ ಹನ್ನೆರಡು ವಾರದಲ್ಲಿ 13 ಯೋಗ ತರಗತಿ, ಇನ್ನೊಂದಕ್ಕೆ ತಿಳಿವಳಿಕೆಯ ಮಾತು. ಮಾತ್ರೆ ಎರಡೂ ಕಡೆ ಇತ್ತು. 2020ರಲ್ಲಿ ಫಲಿತಾಂಶ ಬಂತು. ಸಾವು, ಮತ್ತೆ ಹೃದಯಾಘಾತ, ಪಾರ್ಶ್ವವಾಯು, ತುರ್ತಾಗಿ ಆಸ್ಪತ್ರೆಗೆ ಸೇರುವುದು, ಇವೆಲ್ಲ ಕೂಡಿಸಿದರೆ ಯೋಗದ ಗುಂಪಿನಲ್ಲಿ 131 ಮಂದಿಗೆ, ಇನ್ನೊಂದರಲ್ಲಿ 146 ಮಂದಿಗೆ ಆಗಿತ್ತು. ನೂರಕ್ಕೆ 6.7, ನೂರಕ್ಕೆ 7.4.

ಯೋಗದ ಕಡೆ ಕಡಿಮೆ ಇದೆಯಲ್ಲ ಎನಿಸುತ್ತದೆ. ಇಲ್ಲಿ ನಿಧಾನಿಸಬೇಕು. ಎರಡು ಗುಂಪಿನ ಅಪಾಯವನ್ನು ಹೋಲಿಸುವ ‘ಅಪಾಯದ ಅನುಪಾತ’ 0.90 (1 ಎಂದರೆ ಎರಡೂ ಸಮ) ಎಂದು ಲೇಖನ ಹೇಳುತ್ತದೆ, ಪಕ್ಕದಲ್ಲೇ 0.71ರಿಂದ 1.15 ಎಂಬ ಹರಹು ಇದೆ. ಆ ಹರಹನ್ನು ಹೀಗೆ ಓದಿ: ನಿಜವಾದ ಉತ್ತರ 0.71 ಇದ್ದರೂ ಇರಬಹುದು, ಅಂದರೆ ಅಪಾಯ ಸುಮಾರು ನೂರಕ್ಕೆ 29 ಭಾಗ ಇಳಿದಿರಬಹುದು. 1.15 ಇದ್ದರೂ ಇರಬಹುದು, ಅಂದರೆ 15 ಭಾಗ ಏರಿರಬಹುದು. ಒಂದು ಎಂಬ ಅಂಕಿ ಹರಹಿನ ಒಳಗೆ ಬಿದ್ದರೆ ಲಾಭವಿದೆ ಎಂದು ಹೇಳುವ ಹಾಗಿಲ್ಲ, ಇಲ್ಲವೇ ಇಲ್ಲ ಎನ್ನುವ ಹಾಗೂ ಇಲ್ಲ. ಬರೆದವರೂ ಹಾಗೇ ಒಪ್ಪಿಕೊಂಡರು: ಈ ವ್ಯತ್ಯಾಸವನ್ನು ಖಚಿತಪಡಿಸುವಷ್ಟು ಬಲ ಪ್ರಯೋಗಕ್ಕೆ ಸಾಲಲಿಲ್ಲ ಎಂದು. ಖಚಿತವಾಗಿ ಸಿಕ್ಕದ್ದು ಬೇರೆ. ರೋಗಿಗಳು ತಮ್ಮ ಆರೋಗ್ಯಕ್ಕೆ ತಾವೇ ನೂರಕ್ಕೆ ಕೊಟ್ಟುಕೊಂಡ ಅಂಕ ಯೋಗದ ಗುಂಪಿನಲ್ಲಿ 77, ಇನ್ನೊಂದರಲ್ಲಿ 75.7. ಹಳೆಯ ಕೆಲಸಕಾರ್ಯಗಳಿಗೆ ಮರಳುವುದರಲ್ಲೂ ಯೋಗದವರು ಮುಂದಿದ್ದರು.

ಹಾಗಾದರೆ ಸ್ಟೆಂಟ್ ಹಾಕಿಸಿಕೊಂಡು ಬೇಲೂರಿಗೋ ಕಡೂರಿಗೋ ಮರಳಿದವರಿಗೆ ಏನು ಹೇಳಬಹುದು? ವೈದ್ಯರು ಒಪ್ಪಿದರೆ ಯೋಗ ಮಾಡಿ, ಹಗುರ ಎನಿಸುತ್ತದೆ, ಕೆಲಸಕ್ಕೆ ಮರಳುವ ಧೈರ್ಯ ಬರುತ್ತದೆ. ಆದರೆ ಆ ಪ್ರಯೋಗದಲ್ಲಿ ಯೋಗ ಮಾಡಿದವರೂ ಮಾತ್ರೆಗಳ ಮೇಲೇ ಇದ್ದರು. ಯೋಗ ಶುರುಮಾಡಿದೆನೆಂದು ಆಸ್ಪಿರಿನ್, ಸ್ಟ್ಯಾಟಿನ್ ಬಿಟ್ಟವರ ಗತಿ ಏನೆಂದು ಅದು ಹೇಳುವುದಿಲ್ಲ. ಬಿಡಬೇಡಿ.

ಗಮನಾರ್ಹ ಬೇರೆ, ಗಣನೀಯ ಬೇರೆ

ಸೊಂಟನೋವಿನ ಯೋಗದ ಬಗ್ಗೆ ಕಾಕ್ರೇನ್ 2022ರಲ್ಲಿ 21 ಪ್ರಯೋಗ, 2,223 ಜನರ ಲೆಕ್ಕ ಹಾಕಿತು. ವ್ಯಾಯಾಮವಿಲ್ಲದವರಿಗೆ ಹೋಲಿಸಿದರೆ ಮೂರು ತಿಂಗಳಿಗೆ ನೋವು 100 ಅಂಕದ ಪಟ್ಟಿಯಲ್ಲಿ ಸುಮಾರು 4.5 ಅಂಕ ಹೆಚ್ಚು ಇಳಿದಿತ್ತು. ಅಂಕಿಸಂಖ್ಯೆಯ ಲೆಕ್ಕದಲ್ಲಿ ಅದು ಗಮನಾರ್ಹ, ಅಂದರೆ ಬರಿಯ ಅದೃಷ್ಟದ್ದಲ್ಲದ ನಿಜವಾದ ವ್ಯತ್ಯಾಸ. ಆದರೆ ರೋಗಿಗೆ ‘ಹೌದು, ಕಡಿಮೆಯಾಯಿತು’ ಎನಿಸಲು ಸುಮಾರು 15 ಅಂಕ ಇಳಿಯಬೇಕು, ಆಗಲೇ ಅದು ಗಣನೀಯ ಎಂದು ಅದೇ ವರದಿ ಮಾನದಂಡ ಇಟ್ಟುಕೊಂಡಿದೆ. ಯೋಗ ಮಾಡಿದವರಲ್ಲಿ ತೊಂದರೆಗಳೂ ಹೆಚ್ಚಿದ್ದವು, ಹೆಚ್ಚಿನವು ಸೊಂಟನೋವೇ ಜಾಸ್ತಿಯಾದದ್ದು.

ಇದು ಸರಾಸರಿ. ಸರಾಸರಿಯೊಳಗೆ ಬಹಳ ಹಗುರವಾದವರೂ ಇರುತ್ತಾರೆ, ಏನೂ ಆಗದವರೂ ಇರುತ್ತಾರೆ. ಅದಕ್ಕೇ ಪುರಾವೆ ಓದಿದ ಮೇಲೂ ನಿಮ್ಮ ಮೈಯಲ್ಲಿ ಅಳೆದು ನೋಡುವ ಕೆಲಸ ಉಳಿಯುತ್ತದೆ.

ಬೇರೆ ಕೆಲವನ್ನು ಬೇಗ ಹೇಳಿಬಿಡಬಹುದು. ಧ್ಯಾನದ ಬಗ್ಗೆ 2014ರಲ್ಲಿ 47 ಪ್ರಯೋಗ, 3,515 ಜನರ ಮೇಲಿನ ಅವಲೋಕನ ಬಂತು: ಆತಂಕ, ಖಿನ್ನತೆ, ನೋವಿಗೆ ಸಾಧಾರಣದಿಂದ ಸಣ್ಣ ಮಟ್ಟದ ಲಾಭ ಇದೆ, ಆದರೆ ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಿಂತ ಮೇಲಲ್ಲ. ನೆನಪಿನ ಶಕ್ತಿಗೆ ಎಂದು ಮಾರುವ ಗಿಂಕ್ಗೊ ಎಲೆಯನ್ನು ಮೂರು ಸಾವಿರಕ್ಕೂ ಹೆಚ್ಚು ವೃದ್ಧರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು. 2008ರಲ್ಲಿ ಬಂದ ಫಲಿತಾಂಶದಲ್ಲಿ ಮರೆಗುಳಿತನ ತಪ್ಪಲಿಲ್ಲ. ಹೋಮಿಯೋಪತಿ ನಂಬಲರ್ಹವಾಗಿ ಕೆಲಸ ಮಾಡುವ ಕಾಯಿಲೆ ಒಂದೂ ಕಾಣಲಿಲ್ಲ ಎಂದು ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಮಂಡಳಿ 2015ರಲ್ಲಿ ತೀರ್ಮಾನಿಸಿತು.

ಮನೆಯಲ್ಲಿ ಅಳೆದು ನೋಡುವುದು

ಕಾಫಿ ಕೊಯ್ಲು ಡಿಸೆಂಬರ್ ಹೊತ್ತಿಗೆ ಬಿರುಸಾಗುತ್ತದೆ, ಹಿಂದೆಯೇ ಮೆಣಸಿನ ಕೊಯ್ಲು, ಏಣಿ ಹತ್ತಿ ಇಳಿಯುವ ಕೆಲಸ. ಮಾರ್ಚ್ ಕೊನೆಗೆ ಸೊಂಟ ಹಿಡಿದು ಹೋದವರು ಹೊಸ ಎಣ್ಣೆ ಹಚ್ಚಲು ಶುರುಮಾಡುತ್ತಾರೆ. ಏಪ್ರಿಲ್‌ನಲ್ಲಿ ನೋವು ಇಳಿಯುತ್ತದೆ. ಇಳಿಸಿದ್ದು ಎಣ್ಣೆಯೋ, ಕೊಯ್ಲು ಮುಗಿದದ್ದೋ? ನೋವು ತೀರಾ ಹೆಚ್ಚಿದ್ದಾಗಲೇ ಮದ್ದು ಹುಡುಕುತ್ತೇವೆ, ತೀರಾ ಹೆಚ್ಚಿದ್ದದ್ದು ಸಾಮಾನ್ಯವಾಗಿ ತಾನೇ ಒಂದಿಷ್ಟು ಇಳಿಯುತ್ತದೆ. ಈ ಎರಡು ಕಾರಣ ಸೇರಿಯೇ ಎಷ್ಟೋ ಎಣ್ಣೆಗಳಿಗೆ ಹೆಸರು ಬಂದಿದೆ.

ಇದನ್ನು ತಪ್ಪಿಸಲು ಒಂದು ನೋಟ್‌ಬುಕ್ ಸಾಕು. ಏನನ್ನೂ ಬದಲಿಸದೆ ಮೊದಲು ಎರಡು ವಾರ ದಿನಾ ರಾತ್ರಿ ಒಂದೇ ಹೊತ್ತಿಗೆ ನೋವಿಗೆ 0ಯಿಂದ 10ರೊಳಗೆ ಅಂಕ ಕೊಡಿ. ಪಕ್ಕದಲ್ಲಿ ಆ ದಿನದ ಕೆಲಸ ಬರೆಯಿರಿ: ಎಷ್ಟು ಹೊತ್ತು ಬಗ್ಗಿದಿರಿ, ಮೂಟೆ ಎತ್ತಿದಿರಾ, ನೋವಿನ ಮಾತ್ರೆ ಎಷ್ಟು. ಆಮೇಲೆ ಒಂದೇ ಒಂದು ಬದಲಾವಣೆ. ಯೋಗವಾದರೆ ಯೋಗ ಮಾತ್ರ. ಎಣ್ಣೆ, ಬೆಲ್ಟ್, ಹೊಸ ಹಾಸಿಗೆ ಎಲ್ಲ ಒಟ್ಟಿಗೆ ಶುರುಮಾಡಿದರೆ ಯಾವುದರ ಫಲ ಎಂದು ತಿಳಿಯುವುದಿಲ್ಲ. ಯೋಗಕ್ಕೆ ಎಂಟರಿಂದ ಹನ್ನೆರಡು ವಾರ ಕೊಡಿ. ಎಷ್ಟು ವಾರ, ಎಷ್ಟು ಇಳಿದರೆ ಮುಂದುವರಿಸುತ್ತೇನೆ ಎಂಬುದನ್ನು ಶುರುಮಾಡುವ ದಿನವೇ ಬರೆದಿಡಿ. 10ರ ಪಟ್ಟಿಯಲ್ಲಿ ಸರಾಸರಿ 2 ಅಂಕ ಇಳಿದರೆ ಲೆಕ್ಕಕ್ಕೆ ಬರುವ ಇಳಿತ. ಅರ್ಧ ಅಂಕ ಇಳಿದದ್ದಕ್ಕೆ ತಿಂಗಳಿಗೆ ಎರಡು ಸಾವಿರ ರೂಪಾಯಿ ಖರ್ಚು ಮಾಡಬೇಕೇ ಎಂದು ಆಗ ನೀವೇ ನಿರ್ಧರಿಸಬಹುದು. ಕೊಯ್ಲಿನ ಸಮಯದಲ್ಲಿ ಶುರುಮಾಡಿ ಬಿಡುವಿನ ತಿಂಗಳಲ್ಲಿ ಮುಗಿಸಬೇಡಿ. ಎರಡೂ ಅವಧಿ ಒಂದೇ ಬಗೆಯ ಕೆಲಸದಲ್ಲಿರಲಿ.

ಬಿಪಿಯನ್ನು ಅಳೆಯುವುದರಲ್ಲಿ ತಪ್ಪು ಇನ್ನೂ ಹೆಚ್ಚು. ತೋಳಿಗೆ ಕಟ್ಟುವ ಯಂತ್ರ ತೆಗೆದುಕೊಳ್ಳಿ, ಮಣಿಕಟ್ಟಿನದು ಬೇಡ. ತೋಳಿನ ಸುತ್ತಳತೆ ಟೇಪಿನಲ್ಲಿ ನೋಡಿ ಅದಕ್ಕೆ ತಕ್ಕ ಪಟ್ಟಿ ಕೊಳ್ಳಿ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಸಿಗರೇಟು ಇಲ್ಲ. ಬೆಳಗಿನ ಫಿಲ್ಟರ್ ಕಾಫಿ ಇಲ್ಲದೆ ದಿನ ಶುರುವಾಗದ ನಮ್ಮ ಸೀಮೆಯಲ್ಲಿ ತಪ್ಪುವುದು ಇಲ್ಲೇ: ಅಳೆದ ಮೇಲೆ ಕುಡಿಯಿರಿ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ. ಐದು ನಿಮಿಷ ಮಾತಿಲ್ಲದೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ ಅಂಕಿ ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಮೇಲಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಪ್ರಾಣಾಯಾಮ ಮುಗಿಸಿ ಎದ್ದ ಕೂಡಲೇ ಅಳೆದರೆ ಕಡಿಮೆ ಬರಬಹುದು. ಅದು ಕುಳಿತದ್ದರ ಫಲ, ದಿನವಿಡೀ ಇಳಿದಿದೆ ಎಂದಲ್ಲ.

ನಿಧಾನ ಉಸಿರು, ಹಂತ ಹಂತವಾಗಿ

ಮನೆಯಲ್ಲಿ ಪ್ರಯೋಗಿಸಲು ಇದರಷ್ಟು ಸುಲಭವಾದದ್ದು, ಖರ್ಚಿಲ್ಲದ್ದು ಬೇರೆ ಇಲ್ಲ. ನಿಮಿಷಕ್ಕೆ ಆರು ಉಸಿರಿನ ಸುತ್ತಮುತ್ತ ಬಂದಾಗ ಹೃದಯದ ಬಡಿತ ಉಸಿರಿನ ಜೊತೆಗೇ ಏರಿಳಿಯಲು ತೊಡಗುತ್ತದೆ, ರಕ್ತದೊತ್ತಡ ಸರಿದೂಗಿಸುವ ನರಗಳ ಪ್ರತಿಕ್ರಿಯೆ ಚುರುಕಾಗುತ್ತದೆ. ಬಿಪಿಯಲ್ಲಿ ಸಿಗುವ ಇಳಿತ ಕೆಲವು ಮಿಲಿಮೀಟರ್ ಮಾತ್ರ, ಮಾತ್ರೆಗೆ ಬದಲಿಯಲ್ಲ. ಆತಂಕದವರಿಗೆ, ನಿದ್ದೆ ಹತ್ತದವರಿಗೆ ಮಾಡಿ ನೋಡುವಂಥದ್ದು.

ಕುರ್ಚಿಯಲ್ಲಿ ಕುಳಿತುಕೊಳ್ಳಿ, ಪದ್ಮಾಸನ ಬೇಕಿಲ್ಲ. ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಕೈ ಮೇಲೇಳಬೇಕು, ಭುಜ ಏಳಬಾರದು. ಎಣಿಕೆ ಸೆಕೆಂಡಿಗೊಂದು, ಮೊದಲ ದಿನ ಗಡಿಯಾರ ನೋಡಿಕೊಳ್ಳಿ, ಇಲ್ಲದಿದ್ದರೆ ಬೇಗ ಬೇಗ ಎಣಿಸುತ್ತೀರಿ. ಉಸಿರು ಕಟ್ಟಬೇಡಿ. ಐದು ನಿಮಿಷದಿಂದ ಶುರುಮಾಡಿ ಎರಡನೆಯ ವಾರ ಹತ್ತು, ಮೂರನೆಯ ವಾರ ಹದಿನೈದು ನಿಮಿಷ. ಆರು ಎಣಿಕೆ ಕಷ್ಟವಾದರೆ ಮೂರು–ನಾಲ್ಕರಿಂದ ಆರಂಭಿಸಿ.

ತಪ್ಪಾಗುವುದು ಒಂದೇ ಕಡೆ: ನಿಧಾನ ಎಂದರೆ ಆಳ ಎಂದುಕೊಂಡು ಎದೆ ತುಂಬ ಗಾಳಿ ಎಳೆಯುತ್ತಾರೆ. ಆಗ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತದೆ. ಹೆದರಬೇಕಿಲ್ಲ, ನಿಲ್ಲಿಸಿ ಸಹಜವಾಗಿ ಉಸಿರಾಡಿದರೆ ನಿಮಿಷದಲ್ಲಿ ಸರಿಹೋಗುತ್ತದೆ. ಮುಂದಿನ ಸಲ ಗಾಳಿಯನ್ನು ಕಡಿಮೆ ಎಳೆಯಿರಿ, ಪಕ್ಕದಲ್ಲಿ ಕುಳಿತವರಿಗೂ ಕೇಳಿಸಬಾರದು ಅಷ್ಟು ಮೆಲ್ಲಗೆ.

ಕಪಾಲಭಾತಿ, ಭಸ್ತ್ರಿಕಾ ಎಂಬ ರಭಸದ ಉಸಿರಿನ ಪ್ರಾಣಾಯಾಮಗಳು ಇದಕ್ಕೆ ಪೂರ್ತಿ ಬೇರೆ. ಹತೋಟಿಯಿಲ್ಲದ ಬಿಪಿ, ಹರ್ನಿಯಾ, ಹೃದ್ರೋಗ ಇದ್ದವರು, ಗರ್ಭಿಣಿಯರು ಅವನ್ನು ಮಾಡಬಾರದು. ಗ್ಲಾಕೋಮ (ಕಣ್ಣಿನ ನರ ಕೆಡುವ ಕಾಯಿಲೆ) ಇರುವವರು ಶೀರ್ಷಾಸನದ ಹತ್ತಿರ ಹೋಗಬಾರದು: 2006ರಲ್ಲಿ ಪ್ರಕಟವಾದ, 75 ಯೋಗಾಭ್ಯಾಸಿಗಳ ಮೇಲಿನ ಭಾರತೀಯ ಅಧ್ಯಯನದಲ್ಲಿ ಶೀರ್ಷಾಸನದ ಹೊತ್ತಿಗೆ ಕಣ್ಣಿನ ಒತ್ತಡ ಎರಡು ಪಟ್ಟು ಏರಿದ್ದು ಕಂಡಿತು. ನಲವತ್ತು ದಾಟಿದವರು ಶೀರ್ಷಾಸನ ಕಲಿಯುವ ಮೊದಲು ಕಣ್ಣಿನ ಒತ್ತಡ ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ತಲೆ ಕೆಳಗಾಗುವ ಬೇರೆ ಆಸನಗಳಿಗೂ ಇದೇ ಎಚ್ಚರ ಸಲ್ಲುತ್ತದೆ.

ಗಿಡಮೂಲಿಕೆಯಲ್ಲಿ ಕೈ ಸುಡುವ ಜಾಗಗಳು

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿ ಕುದಿಯಿತು. ಅದನ್ನು ಕುಡಿದವರಲ್ಲಿ ಕೆಲವರಿಗೆ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿ 2021ರಲ್ಲಿ ಮುಂಬೈಯಿಂದ ಬಂತು; ಮರುವರ್ಷ ದೇಶದ 13 ಕೇಂದ್ರಗಳಿಂದ 43 ರೋಗಿಗಳ ವಿವರ ಪ್ರಕಟವಾಯಿತು. ಆಯುಷ್ ಸಚಿವಾಲಯ ಮುಂಬೈ ವರದಿಯನ್ನು ಒಪ್ಪಲಿಲ್ಲ, ಹೋಲುವ ಬೇರೆ ಬಳ್ಳಿ ಸೇರಿರಬಹುದು ಎಂದಿತು. ಹೋಲುವ ಬಳ್ಳಿ ಇರುವುದು ನಿಜ: ಟಿನೊಸ್ಪೊರಾ ಕ್ರಿಸ್ಪಾ. ಎರಡರ ಎಲೆಯೂ ಹೃದಯದ ಆಕಾರ. ಕ್ರಿಸ್ಪಾದ ಕಾಂಡದ ತುಂಬ ನರುಲಿಯಂಥ ಗಂಟುಗಳು ಎದ್ದು ಕಾಣುತ್ತವೆ. ಆದರೆ ಸರಿಯಾದ ಬಳ್ಳಿಯೇ ಆದರೂ, ತನ್ನದೇ ಅಂಗಗಳ ಮೇಲೆ ರೋಗನಿರೋಧಕ ಶಕ್ತಿ ತಿರುಗಿಬೀಳುವ ಕಾಯಿಲೆ ಇರುವವರಿಗೆ, ಉದಾಹರಣೆಗೆ ಕೆಲವು ಥೈರಾಯ್ಡ್ ತೊಂದರೆಯವರಿಗೆ, ನಾವು ಇದನ್ನು ದಿನಾ ಕುಡಿಯಿರಿ ಎನ್ನುವುದಿಲ್ಲ.

ಅರಿಶಿನ ಅಡುಗೆಯಲ್ಲಿ ಬೇರೆ, ಮಾತ್ರೆಯಲ್ಲಿ ಬೇರೆ. ಕರಿಮೆಣಸಿನ ಪೈಪರಿನ್ ಸೇರಿಸಿ ಹೀರಿಕೆ ಹೆಚ್ಚಿಸಿದ ಅರಿಶಿನದ ಕ್ಯಾಪ್ಸೂಲ್‌ಗಳಿಂದ ಪಿತ್ತಜನಕಾಂಗ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಸಾರಿಗೆ ಹಾಕುವ ಅರಿಶಿನ, ಮೆಣಸಿಗೆ ಹೆದರಬೇಕಿಲ್ಲ. ಅಲ್ಲಿ ಪ್ರಮಾಣವೇ ಬೇರೆ.

ಜ್ಯೇಷ್ಠಮಧುವನ್ನು ಕೆಮ್ಮಿಗೆಂದು ವಾರಗಟ್ಟಲೆ ಜಗಿದರೆ ದೇಹದ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ಮೆಂತ್ಯ, ಹಾಗಲಕಾಯಿ ರಸವನ್ನು ಶುಗರ್ ಮಾತ್ರೆಯ ಜೊತೆ ದೊಡ್ಡ ಪ್ರಮಾಣದಲ್ಲಿ ಹಿಡಿದರೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ರಕ್ತ ತೆಳುಮಾಡುವ ಮಾತ್ರೆ ನುಂಗುವವರಿಗೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಬೇಡ, ಶಸ್ತ್ರಚಿಕಿತ್ಸೆಗೆ ಮೊದಲಂತೂ ಬೇಡವೇ ಬೇಡ.

ಲೋಹ, ಖನಿಜಗಳನ್ನು ಸುಟ್ಟು ಮಾಡುವ ಭಸ್ಮಗಳ ವಿಷಯ ಇನ್ನೂ ಗಂಭೀರ. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಕೊಳ್ಳುವಾಗ ಡಬ್ಬಿಯ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಪದಾರ್ಥಗಳ ಪಟ್ಟಿ ಇದೆಯೇ ನೋಡಿ. ಚೀಟಿಯಿಲ್ಲದ ಪೊಟ್ಟಣದ ಪುಡಿ ಎಷ್ಟೇ ನಂಬಿಕಸ್ಥರು ಕೊಟ್ಟರೂ ಒಳಗೆ ಏನಿದೆ ಎಂದು ಯಾರೂ ಹೇಳಲಾರರು. ಸಂಧಿನೋವಿನ ಪುಡಿ ಎರಡೇ ದಿನದಲ್ಲಿ ಪವಾಡದಂತೆ ಕೆಲಸ ಮಾಡಿದರೆ ಸ್ಟೀರಾಯ್ಡ್ ಬೆರೆತಿರಬಹುದು ಎಂದು ಅನುಮಾನಿಸಿ. ಅಂಥದನ್ನು ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರಿಗೆ ತೋರಿಸಿ ನಿಲ್ಲಿಸಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಮಾಡುವುದನ್ನು 1954ರ ಕಾಯ್ದೆ ನಿಷೇಧಿಸಿದೆ. ಅಂಥ ಬೋರ್ಡ್ ಕಂಡರೆ ಒಳಗೆ ಕಾಲಿಡದಿರಲು ಅಷ್ಟೇ ಕಾರಣ ಸಾಕು.

ಅಳೆಯುತ್ತ ಕೂರಬಾರದ ಹೊತ್ತು

ನೋಟ್‌ಬುಕ್ಕಿನ ಪ್ರಯೋಗ ನಿಧಾನದ ಕಾಯಿಲೆಗೆ ಮಾತ್ರ. ಸೊಂಟನೋವಿನ ಜೊತೆ ಕಾಲಿನ ಬಲ ಕುಗ್ಗಿದರೆ, ಮೂತ್ರ ಮಲದ ಹತೋಟಿ ತಪ್ಪಿದರೆ, ತೊಡೆಯ ಸಂದು ಮರಗಟ್ಟಿದರೆ ಅದೇ ದಿನ ಆಸ್ಪತ್ರೆ. ಏಣಿಯಿಂದ ಬಿದ್ದ ಮೇಲೆ ಬಂದ ನೋವು, ಜ್ವರದ ಜೊತೆಗಿನ ನೋವು, ಕಾರಣವಿಲ್ಲದೆ ತೂಕ ಇಳಿದ ಜೊತೆಗಿನ ನೋವು ಮಸಾಜಿಗೆ ಹೋಗುವಂಥವಲ್ಲ. ಎದೆ ಬಿಗಿತ ಎಡಗೈಗೋ ದವಡೆಗೋ ಹರಿದು ಬೆವರಿದರೆ 108. ಹಾವು ಕಚ್ಚಿದರೆ ನೇರ ಆಂಟಿವೆನಮ್ ಇರುವ ಆಸ್ಪತ್ರೆ: ಕಚ್ಚಿದ ಹಾವುಗಳಲ್ಲಿ ವಿಷವಿಲ್ಲದವು ಬಹಳ, ವಿಷದ ಹಾವೂ ಎಷ್ಟೋ ಸಲ ವಿಷ ಇಳಿಸದೆ ಕಚ್ಚುತ್ತದೆ, ನಾಟಿ ಮದ್ದಿಗೆ ಬದುಕಿದವರ ಲೆಕ್ಕದಲ್ಲಿ ಇವರೇ ಹೆಚ್ಚು.

ಕಾಮಾಲೆಗೆ ಬಂದರೆ, ನಾಟಿ ಔಷಧಿ ಕೊಡಿಸಲೇಬೇಕು ಎಂದು ಮನೆಯ ಹಿರಿಯರು ಪಟ್ಟು ಹಿಡಿದರೂ ಅದಕ್ಕೆ ಮೊದಲು ರಕ್ತ ಪರೀಕ್ಷೆ ಆಗಲಿ: ಬಿಲಿರುಬಿನ್, ಪಿತ್ತಜನಕಾಂಗದ ಕಿಣ್ವಗಳು, ರಕ್ತ ಹೆಪ್ಪುಗಟ್ಟುವ ಸಮಯ, ಹೆಪಟೈಟಿಸ್ ಬಿ ಮತ್ತು ಸಿ. ರೋಗಿ ಮಂಕಾದರೆ, ಹಗಲು ನಿದ್ದೆ ರಾತ್ರಿ ಎಚ್ಚರವಾದರೆ, ಮಾತು ತಡವರಿಸಿದರೆ, ರಕ್ತ ಒಸರಿದರೆ ಒಂದು ಗಂಟೆಯೂ ಕಾಯಬಾರದು. ಗರ್ಭಿಣಿಗೆ ಕಾಮಾಲೆ ಕಂಡರೆ ಇಂಥ ಯಾವ ಲಕ್ಷಣಕ್ಕೂ ಕಾಯಬೇಡಿ, ಹೆಪಟೈಟಿಸ್ ಇ ಅವರಿಗೆ ಪ್ರಾಣಕ್ಕೆ ಎರವಾಗಬಲ್ಲದು.

ವೈದ್ಯರ ಹತ್ತಿರ ಹೋಗುವಾಗ ಒಂದು ಚೀಲದಲ್ಲಿ ಎಲ್ಲವನ್ನೂ ಹಾಕಿಕೊಂಡು ಹೋಗಿ: ಮಾತ್ರೆಯ ಪಟ್ಟಿಗಳು, ಕಷಾಯದ ಪುಡಿ, ಲೇಹ್ಯದ ಡಬ್ಬಿ, ನಾಟಿ ಔಷಧಿಯ ಉಳಿದ ಸೊಪ್ಪು. ಸೊಪ್ಪನ್ನು ಹೂವು, ಕಾಯಿ ಸಮೇತ ಹಾಳೆಯ ನಡುವೆ ಒತ್ತಿ ಇಟ್ಟಿದ್ದರೆ ಗುರುತಿಸಲು ಸುಲಭ. ‘ನಾಟಿ ಔಷಧಿ ತಗೊಂಡಿದ್ದೀರಾ’ ಎಂದು ಕೇಳಿದರೆ ಬೈಯ್ಯುತ್ತಾರೆ ಎಂದು ಮುಚ್ಚಿಡಬೇಡಿ. ಎಂದಿನಿಂದ, ದಿನಕ್ಕೆ ಎಷ್ಟು ಸಲ, ಯಾವುದರಲ್ಲಿ ಕದಡಿ ಕೊಟ್ಟರು ಎಂಬುದನ್ನು ನೋಟ್‌ಬುಕ್ಕಿನ ಅದೇ ಪುಟದಲ್ಲಿ ಬರೆದು ತೋರಿಸಿ.